ಸೋರುವ ದೋಣಿಗೆ ಮಂತ್ರಿಗಳ ಉತ್ತರ

ನಾನು ಗುಮಾಸ್ತನಾಗಿದ್ದ ವಕೀಲರು ಮದರಾಸಿನ ಶಾಸನಸಭೆಗೆ ಆರಿಸಿಹೋದ ಮೇಲೆ ಅವರಿಗೆ ಪ್ರಶ್ನೆ ಕೇಳುವ ಚಟ ಹತ್ತಿತು. ಕೋರ್ಟಿನಲ್ಲೂ ಅವರು ಪ್ರಶ್ನೆ ಕೇಳುತ್ತಿದ್ದವರೇ. ಆದರೆ ಅಲ್ಲಿ ಸಾಕ್ಷಿಯ ಬಾಯಿಯಿಂದ ಉತ್ತರ ಬರಬೇಕಿತ್ತು, ಬಾರದಿದ್ದರೆ ಕೇಸು ಹೋಗುತ್ತಿತ್ತು. ಶಾಸನಸಭೆಯಲ್ಲಿ ಆ ಉಪದ್ರವ ಇರಲಿಲ್ಲ. ಪ್ರಶ್ನೆ ಅಚ್ಚಾಗಿ, ಅದರ ಕೆಳಗೆ ಅವರ ಹೆಸರು ಬಂದು, ಮಂಗಳೂರಿನ ಪತ್ರಿಕೆಯಲ್ಲಿ ಎರಡು ಸಾಲು ಸುದ್ದಿಯಾದರೆ ಕೆಲಸ ಮುಗಿಯಿತು. ಹಂಪನಕಟ್ಟೆಯ ನಮ್ಮ ಕಚೇರಿಯಲ್ಲಿ ಆ ಸುದ್ದಿಗಳನ್ನು ಕತ್ತರಿಸಿ ಒಂದು ದಪ್ಪ ಪುಸ್ತಕಕ್ಕೆ ಅಂಟಿಸುವುದು ನನ್ನ ಕೆಲಸ. ಉತ್ತರಗಳನ್ನು ಅಂಟಿಸಲು ಅವರು ಎಂದೂ ಹೇಳಲಿಲ್ಲ.

ವಕೀಲರು ಕೊಂಕಣಿ ಮಾತಾಡುವ ಕ್ರಿಸ್ತುವರು, ತುಳುವರ ಬಾಯಲ್ಲಿ ‘ಪೊರ್ಬುಗಳು’. ಎತ್ತರದ ಆಳು, ಒಳ್ಳೆಯ ಗಂಟಲು, ಮನಸ್ಸು ಕೆಟ್ಟದಲ್ಲ. ನಾನು ಹೊಲಗದ್ದೆಯ ತುಳು ಮನೆಯಿಂದ ಬಂದು, ಒಂದಿಷ್ಟು ಇಂಗ್ಲಿಷ್ ಕಲಿತು, ಚಂದದ ಅಕ್ಷರದ ಬಲದಿಂದ ಅವರ ಮೇಜಿನ ಪಕ್ಕ ಕೂತವನು. ಪ್ರಶ್ನೆಯ ಮೊದಲ ಕರಡು ನನ್ನದೇ ಇರುತ್ತಿತ್ತು. ಯಾವ ಊರಿನಲ್ಲಿ ಯಾವ ಕೆರೆ ಹೂಳು ತುಂಬಿದೆ, ಯಾವ ಶಾಲೆಗೆ ಹೆಂಚಿನ ಮಾಡು ಇಲ್ಲ ಎಂದು ಹುಡುಕುವುದು, ಅದನ್ನು ‘ಮಾನ್ಯ ಮಂತ್ರಿಗಳು ದಯವಿಟ್ಟು ತಿಳಿಸುವರೇ’ ಎಂಬ ಅಚ್ಚಿಗೆ ಹೊಯ್ಯುವುದು.

ಒಂದು ಬೆಳಿಗ್ಗೆ ಕಚೇರಿಯ ಜಗಲಿಗೆ ಮೀನು ಮಾರುವ ಹೆಂಗಸೊಬ್ಬಳು ಬಂದಳು. ಬಂದರಿನ ಎದುರು, ಹೊಳೆಯಾಚೆಯ ದಡದಲ್ಲಿ ಅವಳ ಮನೆ. ನಲವತ್ತು ದಾಟಿರಬಹುದು. ನಮ್ಮ ಮನೆಗೂ, ವಕೀಲರ ಮನೆಗೂ ಅವಳದೇ ಮೀನು. ಆ ದಿನ ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿ, ಜಗಲಿಯ ಮೇಲೆ ನೀರು ಇಳಿಯುತ್ತಿತ್ತು.

“ಮಳೆ ಎಲ್ಲಿ ಬಂತು ಮಾರಾಯ್ತಿ?” ಎಂದೆ.

“ಮಳೆ ಎಂತಕ್ಕೆ ಗುಮಾಸ್ತರೇ, ಕಡವಿನ ದೋಣಿ ಉಂಟಲ್ಲ,” ಎಂದು ಅವಳು ವಕೀಲರ ಕಡೆ ತಿರುಗಿದಳು. “ಪೊರ್ಬುಗಳೇ, ನೀವು ಮದರಾಸಿಗೆ ಹೋಗಿ ಸರಕಾರದವರ ಹತ್ತಿರ ಕೇಳ್ತೀರಂತೆ. ನಮ್ಮ ಹೊಳೆ ದಾಟುವ ದೋಣಿಯ ವಿಷಯ ಕೇಳಿ. ಹಲಗೆ ಬಿಟ್ಟಿದೆ. ನಾವು ಇಪ್ಪತ್ತು ಜನ ಹೆಂಗಸರು ಕೂತರೆ, ಹತ್ತು ಜನ ತೆಂಗಿನ ಗೆರಟೆ ಹಿಡಿದು ನೀರು ಎತ್ತಿ ಚೆಲ್ಲಬೇಕು. ಗುತ್ತಿಗೆಯವನಿಗೆ ಹೇಳಿದರೆ ದೋಣಿ ಸರಕಾರದ್ದು ಅಂತಾನೆ. ಸರಕಾರದವರಿಗೆ ಹೇಳಿದರೆ ಕಡವು ಗುತ್ತಿಗೆಯವನದ್ದು ಅಂತಾರೆ. ಕಳೆದ ವಾರ ಒಬ್ಬಳು ಬಸುರಿ ಹುಡುಗಿ ನೀರಿಗೆ ಬಿದ್ದಳು. ಜುಟ್ಟು ಹಿಡಿದು ಎಳೆದದ್ದು ನಾನು.”

ವಕೀಲರ ಮುಖ ಅರಳಿತು. ಹುಡುಗಿ ಬದುಕಿದ್ದಕ್ಕೆ ಎಂದು ನಾನು ಆಗ ಎಣಿಸಿದ್ದೆ. “ಬರೆದುಕೊಳ್ಳಿ,” ಎಂದರು. “ಒಳ್ಳೆಯ ಪ್ರಶ್ನೆ ಆಗ್ತದೆ.”

ಪ್ರಶ್ನೆ ಒಳ್ಳೆಯದೇ ಆಯಿತು. ಅದಕ್ಕೆ ಮೂರು ಭಾಗ. ಅ: ಬಂದರಿನ ಕಡವಿನ ದೋಣಿಯು ಸೋರುತ್ತಿರುವುದು ಸರಕಾರಕ್ಕೆ ತಿಳಿದಿದೆಯೇ? ಆ: ತಿಳಿದಿದ್ದರೆ ಕೈಗೊಂಡ ಕ್ರಮವೇನು? ಇ: ತಿಳಿದಿಲ್ಲದಿದ್ದರೆ ತಿಳಿಯಲು ಮಾಡಿದ ಪ್ರಯತ್ನವೇನು? ಇಂಗ್ಲಿಷಿನಲ್ಲಿ ಅದು ಇನ್ನೂ ಗಂಭೀರವಾಗಿ ಕೇಳಿಸುತ್ತಿತ್ತು. ಬಸುರಿ ಹುಡುಗಿಯನ್ನು ಸೇರಿಸೋಣ ಎಂದು ನಾನು ಹೇಳಿದ್ದಕ್ಕೆ ವಕೀಲರು, ಭಾವನೆಗಳಿಗೆ ಪ್ರಶ್ನೋತ್ತರದಲ್ಲಿ ಅವಕಾಶವಿಲ್ಲ ಎಂದು ನಿಯಮ ತೋರಿಸಿದರು.

ಇದಾಗಿ ಎರಡು ತಿಂಗಳ ಮೇಲೆ, ಒಂದು ಆದಿತ್ಯವಾರ, ನನ್ನ ಅಕ್ಕ ಮತ್ತು ಭಾವ ಕಂಕನಾಡಿಯ ನಮ್ಮ ಮನೆಗೆ ಊಟಕ್ಕೆ ಬಂದರು. ಭಾವ ಊರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಊಟಕ್ಕೆ ಬರುವಾಗ ಬಾಳೆಹಣ್ಣು ತರುವ ಮನುಷ್ಯ ಆ ದಿನ ಕಂಕುಳಲ್ಲಿ ಕಡತ ತಂದಿದ್ದರು. ಉಂಡು, ಎಲೆಯಡಿಕೆ ಹಾಕಿಕೊಂಡು, ಕಡತ ಬಿಚ್ಚಿದರು. ಮೇಲಿನ ಕಾಗದ ನೋಡಿದರೆ ನನ್ನದೇ ಪ್ರಶ್ನೆ. ಅ, ಆ, ಇ ಸಮೇತ.

“ಇದು ನಿಮ್ಮ ವಕೀಲರದ್ದಲ್ಲವಾ?” ಎಂದರು. “ಮಂತ್ರಿಗಳಿಂದ ಕಾರ್ಯದರ್ಶಿಗೆ ಬಂತು. ಅಲ್ಲಿಂದ ನಮ್ಮ ಜಿಲ್ಲೆಗೆ ಬಂತು. ಜಿಲ್ಲೆಯಿಂದ ನಮ್ಮ ಸಾಹೇಬರಿಗೆ ಬಂತು. ಸಾಹೇಬರು ನನ್ನ ಮೇಜಿಗೆ ದೂಡಿದರು. ನಾಳೆಯ ಟಪ್ಪಾಲಿಗೆ ಉತ್ತರ ಹೋಗಬೇಕು. ನನಗೆ ದೋಣಿಯ ವಿಷಯ ಎಂತ ಗೊತ್ತುಂಟು?”

“ಜಟಕಾದಲ್ಲಿ ಬಂದರಿಗೆ ಅರ್ಧ ಗಂಟೆ ದಾರಿ. ಹೋಗಿ ನೋಡುವ.”

ಭಾವ ನನ್ನನ್ನು ಕನಿಕರದಿಂದ ನೋಡಿದರು. “ನೋಡಿದರೆ ಸೋರುವುದು ಕಾಣ್ತದೆ. ಕಂಡದ್ದನ್ನು ಬರೆದರೆ ಸಾಹೇಬರು, ಇಷ್ಟು ದಿನ ಯಾಕೆ ಕಾಣಲಿಲ್ಲ ಅಂತ ನನ್ನನ್ನೇ ಕೇಳ್ತಾರೆ. ಸಾಹೇಬರನ್ನು ಅವರ ಮೇಲಿನವರು ಕೇಳ್ತಾರೆ. ಕಡೆಗೆ ಮಂತ್ರಿಗಳನ್ನು ನಿಮ್ಮ ವಕೀಲರು ಕೇಳ್ತಾರೆ. ಅಷ್ಟು ಜನರಿಗೆ ತೊಂದರೆ ಕೊಡುವುದಕ್ಕೆ ನಾನು ಯಾರು?”

ನಾಚಿಕೆಯ ಸಂಗತಿ ಎಂದರೆ, ನನಗೆ ಅವರ ಮಾತು ಸರಿ ಎನಿಸಿತು. ಅಕ್ಕನ ಸಂಸಾರ ಆ ಕೆಲಸದ ಮೇಲೆ ನಿಂತಿತ್ತು. ಅದಕ್ಕಿಂತ ನಾಚಿಕೆಯದು, ಉತ್ತರ ಹೇಗೆ ಬರೆಯಬಹುದು ಎಂಬ ಕುತೂಹಲವೂ ನನಗಿತ್ತು. ಪ್ರಶ್ನೆ ಬರೆದ ಲೆಕ್ಕಣಿಕೆಯಿಂದಲೇ, ನಮ್ಮ ಮನೆಯ ಮೇಜಿನ ಮುಂದೆ ನಾವಿಬ್ಬರೂ ಕೂತು ಉತ್ತರ ಬರೆದೆವು. ಅ: ಇಲ್ಲ. ಆ: ಈ ಪ್ರಶ್ನೆ ಉದ್ಭವಿಸುವುದಿಲ್ಲ. ಇ: ದೋಣಿಯು ತನ್ನ ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದ್ದು, ಪ್ರಯಾಣಿಕರ ಅನುಕೂಲಕ್ಕಾಗಿ ಅದರಲ್ಲಿ ನೀರೆತ್ತುವ ಸಾಧನಗಳನ್ನು ಸದಾ ಇರಿಸಲಾಗುತ್ತಿದೆ.

ಕೊನೆಯ ಸಾಲು ನನ್ನದು. ಹೆಂಗಸರು ಮನೆಯಿಂದ ತರುವ ಗೆರಟೆಗಳನ್ನು ‘ಸಾಧನಗಳು’ ಮಾಡಿದ್ದಕ್ಕೆ ಭಾವ ಬೆನ್ನು ತಟ್ಟಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಅಕ್ಕ ಮಾತ್ರ, “ನೀವಿಬ್ಬರು ಇಷ್ಟು ಹೊತ್ತಿನಲ್ಲಿ ಒಂದು ಹಲಗೆ ಹೊಡೆದು ಬರಬಹುದಿತ್ತು,” ಎಂದು ಒಳಗೆ ಹೋದಳು.

ಆ ಸಲ ವಕೀಲರು ನನ್ನನ್ನೂ ಮದರಾಸಿಗೆ ಕರೆದುಕೊಂಡು ಹೋದರು. ಕಾಗದದ ಪೆಟ್ಟಿಗೆ ಹೊರಲು ಒಬ್ಬ ಬೇಕಿತ್ತು. ಅವರು ರೈಲಿನ ಎರಡನೆಯ ತರಗತಿಯಲ್ಲಿ, ನಾನು ಮತ್ತು ಪೆಟ್ಟಿಗೆ ಮೂರನೆಯದರಲ್ಲಿ. ಸಭೆಯ ದಿನ ನನಗೆ ಪ್ರೇಕ್ಷಕರ ಗ್ಯಾಲರಿಯ ಚೀಟಿ ಸಿಕ್ಕಿತು. ಮೇಲಿನಿಂದ ನೋಡಿದರೆ ಪೇಟಗಳು, ಟೊಪ್ಪಿಗಳು, ಬೋಳು ತಲೆಗಳು. ಕೆಲವರು ಪತ್ರಿಕೆ ಓದುತ್ತಿದ್ದರು. ಒಬ್ಬರು ನಿದ್ದೆಹೋಗಿದ್ದರು, ಅವರ ಪ್ರಶ್ನೆ ಬಂದಾಗ ಪಕ್ಕದವರು ತಿವಿದು ಎಬ್ಬಿಸಿದರು. ಎದ್ದು ನಂಬರು ಹೇಳಿ, ಉತ್ತರ ಶುರುವಾಗುವ ಮೊದಲೇ ಕಣ್ಣು ಮುಚ್ಚಿದರು.

ನಮ್ಮ ಸರದಿ ಬಂತು. ಮಂತ್ರಿಗಳು ಕನ್ನಡಕ ಸರಿಮಾಡಿ ಓದಿದರು. ನಮ್ಮ ಮನೆಯ ಮೇಜಿನ ಮೇಲೆ, ಎಲೆಯಡಿಕೆ ತಟ್ಟೆಯ ಪಕ್ಕ ನಾನು ಬರೆದ ವಾಕ್ಯ, ಇಂಗ್ಲಿಷ್ ವೇಷ ಹಾಕಿಕೊಂಡು, ಆ ದೊಡ್ಡ ಮನುಷ್ಯರ ಬಾಯಿಯಿಂದ ಹೊರಬಂತು. ಒಂದು ಪದವೂ ಬಿಟ್ಟುಹೋಗಿರಲಿಲ್ಲ. ನನಗೆ ಮೊದಲು ಹೆಮ್ಮೆಯಾಯಿತು. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ ಅಕ್ಕ ಹೇಳಿದ ಹಲಗೆಯ ಮಾತು ನೆನಪಾಯಿತು.

ವಕೀಲರು ಉಪಪ್ರಶ್ನೆಗೆ ಎದ್ದರು. “ಮಂತ್ರಿಗಳು ಆ ದೋಣಿಯಲ್ಲಿ ಎಂದಾದರೂ ಹೊಳೆ ದಾಟಿದ್ದಾರೆಯೇ?”

“ಇಲ್ಲ.”

“ಮಂತ್ರಿಗಳಿಗೆ ಈಜು ಬರುತ್ತದೆಯೇ?”

“ಅದಕ್ಕೆ ನನಗೆ ಮುಂಚಿತವಾಗಿ ನೋಟೀಸು ಬೇಕು,” ಎಂದರು ಮಂತ್ರಿಗಳು.

ಸಭೆ ನಕ್ಕಿತು. ಮಂತ್ರಿಗಳೂ ನಕ್ಕರು, ವಕೀಲರೂ ನಕ್ಕರು, ನಿದ್ದೆಯವರೂ ಎದ್ದು ನಕ್ಕರು. ಮುಂದಿನ ಪ್ರಶ್ನೆಗೆ ಹೋದರು. ಮಧ್ಯಾಹ್ನ ಊಟದ ಕೋಣೆಯ ಹೊರಗೆ ಮಂತ್ರಿಗಳು ವಕೀಲರ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುವುದನ್ನು ನಾನು ಕಂಡೆ. ವಾಪಸು ಬರುವಾಗ ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ವಕೀಲರು ನನ್ನ ಡಬ್ಬಿಯ ಹತ್ತಿರ ಬಂದು, “ಈಜು ಬರ್ತದಾ ಅಂತ ಕೇಳಿದೆನಲ್ಲ, ಆಗ ಅವರ ಮುಖ ನೋಡಿದಿರಾ?” ಎಂದು ಕೇಳುತ್ತಿದ್ದರು. ನೋಡಿದೆ ಎನ್ನುತ್ತಿದ್ದೆ.

ಊರಿಗೆ ಬಂದ ಮರುದಿನವೇ ಮೀನಿನಾಕೆ ಜಗಲಿಗೆ ಬಂದಳು. “ಎಂತ ಆಯ್ತು ಪೊರ್ಬುಗಳೇ?”

ವಕೀಲರು ಈಜಿನ ಕತೆಯನ್ನು ಚಂದವಾಗಿ ತುಳುವಿನಲ್ಲಿ ಹೇಳಿದರು. ಅವಳು ನಗಲಿಲ್ಲ.

“ಅದು ಸರಿ. ದೋಣಿ ಸೋರ್ತದೆ ಅಂತ ಅವರು ಒಪ್ಪಿದರಾ?”

“ಇಲ್ಲ. ಸೋರುವುದು ಸರಕಾರಕ್ಕೆ ಗೊತ್ತಿಲ್ಲ ಅಂದರು.”

“ನೀವು ಹೇಳಿದಿರಲ್ಲ, ಈಗ ಗೊತ್ತಾಯ್ತಲ್ಲ?”

“ಹಾಗಲ್ಲ ಅದು. ಪ್ರಶ್ನೆಯಲ್ಲಿ ಹೇಳಿದ್ದು ಮಾಹಿತಿ ಅಂತ ಆಗುವುದಿಲ್ಲ.”

“ಮತ್ತೆ ಸೋರುವುದಿಲ್ಲ ಅಂತ ಅವರಿಗೆ ಹೇಳಿದ್ದು ಯಾರು?”

“ಇಲ್ಲಿಯ ಕಚೇರಿಯವರು.”

“ಅವರಲ್ಲಿ ಯಾರು ಬಂದು ದೋಣಿ ನೋಡಿದರು? ಯಾವ ದಿನ?”

ವಕೀಲರು ಗಡಿಯಾರ ನೋಡಿ ಕೋರ್ಟಿಗೆ ಹೊತ್ತಾಯಿತು ಎಂದರು. ನಾನು ಲೆಕ್ಕಣಿಕೆಯ ಮೊನೆ ಒರೆಸುತ್ತ ಕೂತಿದ್ದೆ. ಮದರಾಸಿನ ಆ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಅವಳು ಒಂದರ ಹಿಂದೆ ಒಂದು ಕೇಳಿದ್ದಳು. ನೋಟೀಸು ಕೊಟ್ಟಿರಲಿಲ್ಲ, ಅಷ್ಟೇ. ಬುಟ್ಟಿ ತಲೆಗೇರಿಸಿ ಬಂದರಿನ ದಾರಿ ಹಿಡಿದಳು.

ಅದು ಕ್ರಿಸ್ತುವರ ತಪಸ್ಸುಕಾಲ. ಮುಂದಿನ ಶುಕ್ರವಾರ ವಕೀಲರ ಅಡಿಗೆಯವ ಖಾಲಿ ಚೀಲ ಹಿಡಿದು ಕಚೇರಿಗೇ ಓಡಿಬಂದ. ಮಾರುಕಟ್ಟೆಯಲ್ಲಿ ಮೀನಿಲ್ಲ. ಬಂಗುಡೆ ಇಲ್ಲ, ಬೂತಾಯಿಯೂ ಇಲ್ಲ. ಹೊಳೆಯಾಚೆಯ ಹೆಂಗಸರು ಯಾರೂ ದೋಣಿ ಹತ್ತಿಲ್ಲ, ಬುಟ್ಟಿ ಇಳಿಸಿ ದಡದಲ್ಲಿ ಕೂತಿದ್ದಾರಂತೆ. ಮಾಂಸ ಮುಟ್ಟಬಾರದ ದಿನ ಮೀನೂ ಇಲ್ಲ ಎಂದರೆ ವಕೀಲರ ಮನೆಯಲ್ಲಿ ಏನು ನಡೆದಿರಬಹುದು ಎಂಬುದು ಅವರ ಮುಖದಲ್ಲೇ ಇತ್ತು. ಶನಿವಾರವೂ ಮೀನು ಬರಲಿಲ್ಲ. ಭಾವನ ಸಾಹೇಬರಿಗೆ ಕಾಣೆಮೀನಿಲ್ಲದೆ ಅನ್ನ ಇಳಿಯುತ್ತಿರಲಿಲ್ಲವಂತೆ. ವರ್ಷಗಟ್ಟಲೆ ಕಡವಿನ ಕಡೆ ತಲೆಹಾಕದ ಮನುಷ್ಯ ಅಂದು ಹನ್ನೊಂದು ಗಂಟೆಗೆ ಬಂದರಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಕಡತ ಹಿಡಿದ ಭಾವ. ವಕೀಲರು ನನ್ನನ್ನೂ ಏನಾಗುತ್ತದೆ ನೋಡಿ ಬನ್ನಿ ಎಂದು ಕಳಿಸಿದ್ದರು.

ಸಾಹೇಬರ ಜೊತೆ ಮಾತಾಡಲು ಮೀನಿನಾಕೆಯೂ ಐದಾರು ಹೆಂಗಸರೂ ಈಚೆ ಬಂದಿದ್ದರು. ಸಾಹೇಬರು ಗದರಿದರು. ಅವಳು ದನಿ ಏರಿಸಲಿಲ್ಲ. “ದೋಣಿ ಸೋರುವುದಿಲ್ಲ ಅಂತ ನೀವೇ ಮದರಾಸಿಗೆ ಬರೆದಿದ್ದೀರಂತೆ ಧನಿ. ಹಾಗಾದರೆ ಕೂತು ಆಚೆ ದಡಕ್ಕೆ ಬನ್ನಿ. ಉಳಿದವರನ್ನೂ ಕರೆದುಕೊಂಡು ಬರುವ,” ಎಂದಳು.

ಅಷ್ಟು ಜನ ನೋಡುತ್ತಿರುವಾಗ ಸಾಹೇಬರಿಗೆ ಹಿಂದೆ ಸರಿಯಲು ಆಗಲಿಲ್ಲ. ಹತ್ತಿದರು, ಭಾವನೂ ಹತ್ತಿದರು. ನಾನು ದಡದಲ್ಲೇ ನಿಂತೆ, ನನಗೆ ಈಜು ಬರುತ್ತಿರಲಿಲ್ಲ. ಅರ್ಧ ಹೊಳೆಗೆ ಹೋಗುವಷ್ಟರಲ್ಲಿ ಸಾಹೇಬರು ಕಾಲು ಎತ್ತಿದ್ದು ಕಂಡಿತು. ಹೆಂಗಸರ ಗೆರಟೆಗಳು ಮಡಿಲಲ್ಲೇ ಇದ್ದವು. ಒಬ್ಬಳೂ ಕೈ ಅಲ್ಲಾಡಿಸಲಿಲ್ಲ, ಅವರು ದಡದ ಕಡೆ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಸಾಹೇಬರು ತಲೆಯ ಟೊಪ್ಪಿ ತೆಗೆದು ಅದರಲ್ಲಿ ನೀರೆತ್ತಿ ಚೆಲ್ಲತೊಡಗಿದರು. ಭಾವ ಕಡತದ ರಟ್ಟಿನಿಂದ ಚೆಲ್ಲಿದರು. ನನ್ನ ‘ನೀರೆತ್ತುವ ಸಾಧನಗಳು’ ಎಂಬ ಸಾಲಿರುವ ಕಡತ ಅದೇ. ಆಚೆ ದಡ ಮುಟ್ಟಿದಾಗ ಇಬ್ಬರೂ ಸೊಂಟದವರೆಗೆ ಒದ್ದೆ.

ಮಂಗಳವಾರ, ಮಂಜೂರಾತಿಗೆ ಕಾಯದೆ ಸಾಹೇಬರು ತರಿಸಿದ ಬೇರೆ ದೋಣಿ ಬಂತು. ಹೊಸದು, ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಜೂರಾತಿಯ ಕಾಗದ ಮೇಲಿನಿಂದ ವಾಪಸು ಬಂತು. ಹಳೆಯ ದೋಣಿ ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದೆ ಎಂದು ಮಾನ್ಯ ಮಂತ್ರಿಗಳು ಸಭೆಗೆ ತಿಳಿಸಿರುವಾಗ ಹೊಸ ದೋಣಿಯ ಅಗತ್ಯ ಹೇಗೆ ಉಂಟಾಯಿತು ಎಂದು ಕೇಳಿದ್ದರು. ಭಾವ ಮತ್ತೆ ನನ್ನ ಹತ್ತಿರ ಬಂದರು. ಮಂತ್ರಿಗಳ ಮಾತು ಸುಳ್ಳಾಗಬಾರದು, ದೋಣಿಯೂ ಹೋಗಬಾರದು. ಹಾಗಾಗಿ ದೋಣಿ ಹಳೆಯದೇ ಎಂದು ಬರೆಯಲಾಯಿತು. ಅದರ ಹಲಗೆ, ಅಡಿಮರ, ಹುಟ್ಟು ಮತ್ತು ಬಣ್ಣವನ್ನು ಮಾತ್ರ ‘ದುರಸ್ತಿಗಾಗಿ ಬದಲಿಸಿದೆ’ ಎಂದು ಸೇರಿಸಿದೆವು. ಮೇಲಿನವರು ತೃಪ್ತರಾದರು.

ವಕೀಲರು ಮುಂದಿನ ಚುನಾವಣೆಗೆ ಅಚ್ಚುಹಾಕಿಸಿದ ಕರಪತ್ರದಲ್ಲಿ, ಬಂದರಿನ ಕಡವಿಗೆ ದೋಣಿ ತಂದವರು ತಾವೇ ಎಂದಿತ್ತು. ಅದರ ಒಂದು ಪ್ರತಿಯನ್ನು ಮೀನಿನಾಕೆಗೆ ಓದಿ ಹೇಳಿದೆ. ಅವಳಿಗೆ ಓಟು ಇರಲಿಲ್ಲ. ಆಗ ಓಟು ತೆರಿಗೆ ಕಟ್ಟುವವರಿಗೆ ಮಾತ್ರ. ಹೊಳೆಯಾಚೆಯ ಆ ದಡದಲ್ಲಿ ತೆರಿಗೆ ಕಟ್ಟುವಷ್ಟು ಆಸ್ತಿ ಇದ್ದವರೇ ಇರಲಿಲ್ಲ. ಅವಳು ಕೇಳಿಸಿಕೊಂಡು, ಆ ಕಾಗದ ಕೊಡಿ, ಮೀನು ಕಟ್ಟಲಿಕ್ಕೆ ಆಗ್ತದೆ ಎಂದಳು.

ಆ ಹೊತ್ತಿನಲ್ಲಿ ಯಾಕೋ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮಂತ್ರಿಗಳು ಓದಿದ ಉತ್ತರ ಬರೆದವರಲ್ಲಿ ನಾನೂ ಒಬ್ಬ ಎಂದು ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಕಾಗದವನ್ನು ಮಡಚಿ ಬುಟ್ಟಿಗೆ ಹಾಕಿ, “ಆ ಹುಡುಗಿ ನೀರಿಗೆ ಬಿದ್ದದ್ದು ನಿಮಗೆ ಗೊತ್ತಿತ್ತಲ್ಲ,” ಎಂದಳು. ಪ್ರಶ್ನೆಯಲ್ಲ, ಹಾಗೇ ಹೇಳಿದ್ದು. ಗೊತ್ತಿತ್ತು ಎಂದೆ. ಬುಟ್ಟಿ ಎತ್ತಿಕೊಂಡು ಇಳಿದುಹೋದಳು. ಆಮೇಲೆ ಮಳೆಗಾಲ ಕಳೆಯುವವರೆಗೂ ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ಹೆಂಡತಿ ಕಾರಣ ಕೇಳಿದಾಗ ನಾನು ತಿಳಿಯದು ಎಂದೆ.

ವಕೀಲರು ಗೆದ್ದರು. ಶಾಸನಸಭೆಯ ಕಾಗದಗಳಿಂದ ನನ್ನನ್ನು ಬಿಡಿಸಿ ಎಂದು ಕೇಳಿಕೊಂಡೆ. ಅವರಿಗೆ ಬೇಸರವೇನೂ ಆಗಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಪದವೀಧರ ಅಷ್ಟರಲ್ಲೇ ಸಿಕ್ಕಿದ್ದ. ಅವನು ಮೊದಲ ವಾರದಲ್ಲೇ ಏಳು ಪ್ರಶ್ನೆ ಬರೆದುಕೊಟ್ಟ. ನಾನು ಒಳಕೋಣೆಗೆ ಹೋಗಿ ಗದ್ದೆಯ ಗಡಿತಂಟೆಗಳ ಕಾಗದ ಬರೆಯುತ್ತ ಉಳಿದೆ.