ಚಿಗರಿ ಅಂತಲೇ ಬರೆದೆ

ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳಲ್ಲಿ ಕೃಷ್ಣಮೃಗಗಳ ಸಮೀಕ್ಷೆಗೆ ಬಂದಿದ್ದ ತಂಡವೊಂದು ನನ್ನನ್ನು ಎರಡು ತಿಂಗಳಿಗೆ ಸೇರಿಸಿಕೊಂಡಿತು. ಮುಖ್ಯಸ್ಥರು ಬೆಂಗಳೂರಿನ ವಿಜ್ಞಾನಿ. ಜೀಪು ಹತ್ತಿದರೆ ಸಾಕು, ಅವರ ಬಾಯಲ್ಲಿ ಪ್ರಾಣಿಗಳ ಅಡ್ಡಹೆಸರುಗಳೇ. ಬ್ಲ್ಯಾಕ್‌ಬಕ್, ಅಂದರೆ ಕೃಷ್ಣಮೃಗ, ‘ಬಿಬಿ’. ಕಾಡುಹಂದಿ ‘ಪಿಗ್ಗಿ’. ಗುರುತು ಸಿಗದ ಸಣ್ಣ ಕಂದು ಹಕ್ಕಿಗಳೆಲ್ಲ ‘ಎಲ್‌ಬಿಜೆ’, ಲಿಟಲ್ ಬ್ರೌನ್ ಜಾಬ್. ನನಗೂ ಮಜಾ ಅನಿಸುತ್ತಿತ್ತು. ದಿನವೂ ನೋಡುವ ಜೀವಕ್ಕೆ ಸಲಿಗೆಯ ಹೆಸರಿಡದೆ ಯಾರಿಂದ ಇರಲಾಗುತ್ತದೆ?

ಮೇಡ್ಲೇರಿಯಲ್ಲಿ ಒಬ್ಬ ಅಜ್ಜಿ ಹೊಲದ ಬದುವಿನ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಸರ್ ಪ್ರಶ್ನೆಗಳ ಹಾಳೆ ನೋಡಿ ಓದಿದರು: “ನಿಮ್ಮ ಹೊಲಕ್ಕೆ ಕೃಷ್ಣಮೃಗ ಬರುತ್ತದೆಯೇ?”

“ಇಲ್ರಿ. ಅಂಥಾದ್ದು ನಮ್ಮ ಕಡೆ ಇಲ್ಲ.”

ಅವರು ಸೊನ್ನೆ ಬರೆದು, “ಇಲ್ಲೂ ಬಿಬಿ ಇಲ್ಲ” ಎಂದು ಹಾಳೆಯನ್ನು ನನಗೆ ಕೊಟ್ಟರು.

ಅಜ್ಜಿ ನನ್ನ ಕಡೆ ಬಾಗಿ ಕೇಳಿದಳು: “ಯಾರ ಬೀಬಿ ಕಳದಾಳವ್ವಾ?”

ನಗು ತಡೆದುಕೊಂಡು, ಕೃಷ್ಣಮೃಗಕ್ಕೆ ನಮ್ಮ ಕಡೆ ಅನ್ನುವ ಹೆಸರು ಹಿಡಿದು ಕೇಳಿದೆ: “ಅಜ್ಜಿ, ಚಿಗರಿ ಬರ್ತಾವೇನು?”

“ಅಯ್ಯ, ಚಿಗರಿ! ನಿನ್ನೆ ಸಂಜಿಮುಂದ ಹನ್ನೆರಡು ಬಂದಿದ್ವು. ಬಳ್ಳಿ ಎಲ್ಲಾ ಮೇದು ಹೋಗ್ಯಾವ. ಒಂದರ ಕೋಡು ಮುರದೈತಿ.”

ನಾನು ಸೊನ್ನೆ ಹೊಡೆದುಹಾಕಿ ‘ಚಿಗರಿ, ಹನ್ನೆರಡು’ ಎಂದು ಬರೆದೆ.

ಜೀಪಿನ ಬಳಿ ಸರ್ ಅದನ್ನು ನೋಡಿದರು. “ಈ ಪದ ಬೇಡ, ಆಡುಮಾತು. ಬೇರೆ ಹಾಳೆ ತಗೊಂಡು ಬಿಬಿ ಅಂತ ಬರೀರಿ.”

“ಬಿಬಿ ಯಾವ ಗ್ರಂಥದಾಗ ಐತ್ರಿ ಸರ್?”

“ಅದು ನಮ್ಮನಮ್ಮಲ್ಲಿ ನಡೆಯುತ್ತೆ.”

“ಚಿಗರಿ ನಮ್ಮನಮ್ಮಾಗ ನಡೀತೈತ್ರಿ. ಹಿಂದಿನ ನಾಕು ಊರಾಗೂ ಸೊನ್ನಿ ಬರದೀವಿ. ಅಲ್ಲೂ ಹಿಂಗ ಆಗಿರ್ತೈತಿ.”

ಅವರ ಮುಖ ಬಿಗಿಯಿತು. “ಹೇಳಿದ ಹಾಗೆ ಬರೆಯೋದಿಲ್ಲ ಅಂದ್ರೆ ನಾಳೆಯಿಂದ ಬರಬೇಡಿ.”

ನನ್ನ ಮೊದಲ ಕೆಲಸ ಅದು. ಆದರೂ ಹಾಳೆ ಬದಲಿಸಲಿಲ್ಲ.

ಮರುದಿನ ನನ್ನ ಬಳಿ ಉಳಿದಿದ್ದ ಖಾಲಿ ಹಾಳೆಗಳನ್ನು ಹಿಡಿದು ನಾನೊಬ್ಬಳೇ ಬಸ್ಸು ಹತ್ತಿ ಆ ನಾಲ್ಕು ಊರುಗಳಿಗೆ ಹೊರಟೆ. ಮೂರು ದಿನ ಮನೆಮನೆಗೆ ಹೋಗಿ ‘ಚಿಗರಿ’ ಎಂದೇ ಕೇಳಿದೆ. ಹೆಂಗಸರು ಕೈಹಿಡಿದು ಹೊಲಕ್ಕೆ ಕರೆದೊಯ್ದು ಹೆಜ್ಜೆಗುರುತು ತೋರಿಸಿದರು. ಒಂದು ಊರಲ್ಲೂ ಸೊನ್ನೆ ಉಳಿಯಲಿಲ್ಲ.

ತಂಡ ಹಾವೇರಿಯ ಲಾಡ್ಜಿನಲ್ಲಿ ಇಳಿದುಕೊಂಡಿತ್ತು. ಹಾಳೆಗಳ ಕಟ್ಟನ್ನು ಸರ್ ಮುಂದಿಟ್ಟೆ. “ಕೆಲಸ ಬಿಡಂದ್ರ ಬಿಡ್ತೇನ್ರಿ. ಈ ಹೆಸರು ಮಾತ್ರ ಬಿಡಂಗಿಲ್ಲ.”

ಅವರು ಬಹಳ ಹೊತ್ತು ಹಾಳೆ ತಿರುವಿದರು. “ಇವನ್ನೆಲ್ಲ ಸೇರಿಸಬೇಕಾಗುತ್ತೆ,” ಎಂದಷ್ಟೇ ಅಂದರು. ಮುಂದೆ ಅಚ್ಚಾದ ಹಾಳೆಯಲ್ಲಿ ಕೃಷ್ಣಮೃಗದ ಪಕ್ಕದಲ್ಲಿ ಚಿಗರಿಯೂ ಇತ್ತಂತೆ. ನನ್ನನ್ನು ಮಾತ್ರ ಮತ್ತೆ ಕರೆಯಲಿಲ್ಲ.

ಈಗ ಬ್ಯಾಡಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪರೀಕ್ಷೆಯಲ್ಲಿ ಮಕ್ಕಳು ಚಿಗರಿ ಎಂದು ಬರೆದರೆ ಪೂರ್ತಿ ಅಂಕ ಕೊಡುತ್ತೇನೆ. ಮುಖ್ಯೋಪಾಧ್ಯಾಯರು ಎರಡು ಸಲ ಕರೆದು ಕೇಳಿದ್ದಾರೆ. ಎರಡೂ ಸಲ ಒಂದು ಅಂಕವನ್ನೂ ಕಡಿಮೆ ಮಾಡಿಲ್ಲ.