ಹುಳಕ್ಕೊಂದು ಹೆಸರು

‘ಯಾವಾಗ ಸತ್ತಿದ್ದು ಮೇಡಮ್ಮೋರೆ ಇದು?’ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಪುಟ್ಟಮ್ಮ ಕೇಳಿದರು. ಕಂಪಲಾಪುರದಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ ಅವರು. ನೋಡುತ್ತಿದ್ದದ್ದು, ಡೈನೋಸಾರ್‌ಗಳ ಕಾಲದಲ್ಲಿ ಮರದ ಅಂಟಿನೊಳಗೆ ಸಿಕ್ಕಿ, ಅಂಟಿನೊಂದಿಗೇ ಕಲ್ಲಾಗಿ ಉಳಿದ ಎಳ್ಳುಕಾಳಿನಷ್ಟು ಜೀರುಂಡೆಯನ್ನು. ಈ ಬಗೆಯದು ಈವರೆಗೆ ಕಂಡಿರುವುದು ಇದೊಂದೇ. ಅದರ ಕಾಲು, ಕುಡಿಮೀಸೆ, ರೆಕ್ಕೆಗಳನ್ನೆಲ್ಲ ವಿವರಿಸಿ, ಹೊಸ ಪ್ರಭೇದವೆಂದು ಹೆಸರಿಟ್ಟು, ಅಂದು ಬೆಳಿಗ್ಗೆಯಷ್ಟೇ ಪ್ರಬಂಧ ಮುಗಿಸಿದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂತೆಂದು ತಿಳಿಸಲು ಬಂದ ಪುಟ್ಟಮ್ಮನವರನ್ನೇ ಕೂರಿಸಿಕೊಂಡಿದ್ದೆ.

ಹೆಸರಿಟ್ಟೆ ಎಂದಿದ್ದೇ ತಡ, ಅವರು ತಮ್ಮ ಮನೆಗೆ ಹೋಗಿ ಒಂದು ಹಿಡಿ ಸಕ್ಕರೆ ತಂದರು. ‘ಎಸ್ರು ಇಟ್ಮೇಲೆ ಕಿವೀಲಿ ಕರೀಬೇಕು ಕಣ್ರವ್ವ, ಕರೀರಿ’ ಎಂದರು. ನಾನು ನಗುತ್ತಲೇ ಆ ಜೀರುಂಡೆಯತ್ತ ಬಾಗಿ, ಆ ಉದ್ದನೆಯ ಲ್ಯಾಟಿನ್ ಹೆಸರನ್ನು ಮೂರು ಸಲ ಹೇಳಿದೆ. ನನ್ನ ಬಾಯಿಗೆ ಸಕ್ಕರೆ ಹಾಕುತ್ತಾ ಅವರು, ‘ಅಂದಂಗೆ, ನಿಮ್ಮೆಸ್ರೇನು?’ ಎಂದು ಕೇಳಿದರು.

ಆ ಮನೆಗೆ ಬಂದು ವರ್ಷವಾಗಿತ್ತು. ನನ್ನ ಹೆಸರು ಆ ಕೋಣೆಯಲ್ಲಿ ಕೇಳಿಸಿದ್ದು ಅದೇ ಮೊದಲು. ಹೇಳಿದವಳೂ ನಾನೇ.