ನರ್ಸಬಾಯಿ ಉಳಿಸಿಕೊಟ್ಟ ಹಲ್ಲು

ನನ್ನ ಮೇಜಿನ ಮೇಲೆ ಒಂದು ಸಣ್ಣ ರಬ್ಬರ್ ಬಿದ್ದಿದೆ. ಔಷಧಿ ಅಂಗಡಿಯವರು ಪೊಟ್ಟಣಕ್ಕೆ ಸುತ್ತಿಕೊಡುವಂಥದ್ದು. ಇಂಥ ರಬ್ಬರನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವವಳಲ್ಲ, ಕಂಡ ಕೂಡಲೇ ಕತ್ತರಿಸಿ ಎಸೆಯುತ್ತೇನೆ. ಅಮ್ಮನಿಗೆ ಇದೊಂದು ಹುಚ್ಚು ಎಂದು ಮಗಳು ನಗುತ್ತಾಳೆ. ಇದೊಂದನ್ನು ಮಾತ್ರ ಕಳೆದ ವಾರ ಭಾಲ್ಕಿಯಿಂದ ಬೀದರಿಗೆ ಬರುವಾಗ ಪರ್ಸಿನಲ್ಲಿಟ್ಟು ತಂದೆ. ನರ್ಸಬಾಯಿಯವರ ಮನೆಯದು…

ಭಾಲ್ಕಿಯಲ್ಲಿ ನಮ್ಮದೂ ಅವರದೂ ಗೋಡೆಗೆ ಗೋಡೆ ಹತ್ತಿದ ಮನೆಗಳು. ಅವರಿಗೆ ಸರ್ಕಾರಿ ದವಾಖಾನೆಯಲ್ಲಿ ಕೆಲಸ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಹಾಡಿನ ಪುಸ್ತಕ ಹಿಡಿದು ಚರ್ಚಿಗೆ ಹೊರಟರೆ ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ಅವರಷ್ಟು ಚೆಂದದ ಹಲ್ಲು ನಮ್ಮ ಕಡೆ ಯಾರಿಗೂ ಇರಲಿಲ್ಲ. ಆದರೆ ನಗುತ್ತಿದ್ದುದು ಅಪರೂಪ, ಬೈಯುವುದರಲ್ಲಿ ಮಾತ್ರ ಧಾರಾಳ. ಬರಿಗಾಲಲ್ಲಿ ಓಡಾಡಿದರೆ ಬೈಗುಳ, ಉಗುರು ಬೆಳೆದರೆ ಬೈಗುಳ. ಅವರ ಬಾಗಿಲ ಮುಂದೆ ನಾವು ಮಕ್ಕಳು ಉಸಿರು ಬಿಗಿಹಿಡಿದು ದಾಟುತ್ತಿದ್ದೆವು.

ನನ್ನ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ದೊಡ್ಡದೊಂದು ಸಂದು ಇತ್ತು. ಸಾಲೆಯ ಹುಡುಗರು ನನಗೆ ಖಿಡಕಿ ಎಂದು ಹೆಸರಿಟ್ಟಿದ್ದರು. ಚಿಕ್ಕವಳಿದ್ದಾಗ ಆ ಕಿಟಕಿಯಿಂದಲೇ ನೀರು ಚಿಮ್ಮಿಸಿ ಅವರ ಅಂಗಿ ತೋಯಿಸಿದ್ದೂ ಉಂಟು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಧೈರ್ಯ ಹೋಗಿ, ನಗುವಾಗ ಕೈ ಅಡ್ಡ ಹಿಡಿಯತೊಡಗಿದೆ. ಆಗ ಗೆಳತಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಜಡೆಯ ತುದಿಗೆ ಹಾಕುವ ಸಣ್ಣ ಕರಿ ರಬ್ಬರನ್ನು ಎರಡೂ ಹಲ್ಲಿಗೆ ಸೇರಿಸಿ ತೊಡಿಸಿ ಮಲಗಿದರೆ ಸಂದು ಮುಚ್ಚುತ್ತದಂತೆ. ಹಾಕಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ರಬ್ಬರ್ ಇರಲಿಲ್ಲ. ನಿದ್ದೆಯಲ್ಲಿ ಬಿದ್ದಿರಬೇಕೆಂದು ಇನ್ನೊಂದು ಹಾಕಿದೆ, ಅದೂ ಮಾಯವಾಯಿತು. ಬೇಸತ್ತು ಬಿಟ್ಟುಬಿಟ್ಟೆ. ಸಂದು ಮಾತ್ರ ತಾನಾಗಿಯೇ ಮುಚ್ಚುತ್ತ ಬಂತು. ನನಗೆ ಹಿಗ್ಗೋ ಹಿಗ್ಗು.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಸಡು ಕೆಂಪಗೆ ಊದಿತು, ಹಲ್ಲುಜ್ಜಿದರೆ ರಕ್ತ ಬಂತು, ಆಮೇಲೆ ನಾಲಿಗೆ ತಾಗಿದರೂ ಎರಡೂ ಹಲ್ಲು ಅಲುಗಾಡತೊಡಗಿದವು. ಹಾಲುಹಲ್ಲಾಗಿದ್ದರೆ ಸರಿ, ಇವು ಬಿದ್ದರೆ ಮತ್ತೆ ಬರುವಂಥವಲ್ಲ. ಇಡೀ ಮನೆ ಕಾರಣ ಹುಡುಕಲು ಕುಳಿತಿತು. ಹಲಬರ್ಗಾದಿಂದ ತಂದ ಕಬ್ಬನ್ನು ಹಲ್ಲಿನಿಂದ ಸಿಗಿದದ್ದಕ್ಕೇ ಹೀಗಾಯಿತು ಎಂದು ಅಜ್ಜಿ. ಖೊಖೊ ಆಡುವಾಗ ಮುಗ್ಗರಿಸಿ ಪೆಟ್ಟು ಮಾಡಿಕೊಂಡಿದ್ದಾಳೆ ಎಂದು ಅವ್ವ. ನಿದ್ದೆಯಲ್ಲಿ ಕಟಕಟ ಹಲ್ಲು ಕಡಿಯುತ್ತಾಳೆ ಎಂದು ಅಕ್ಕ. ಕಮಲನಗರದಿಂದ ಬಂದಿದ್ದ ಕಾಕಾ, ಅಜ್ಜಿ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿಯನ್ನು ಇವಳೂ ಕದ್ದು ತಿಕ್ಕಿರಬೇಕು ಎಂದುಬಿಟ್ಟ. ಅಜ್ಜಿ ಅವನೊಡನೆ ಮಾತು ಬಿಟ್ಟಳು. ಔರಾದದಲ್ಲಿ ಮಾಸ್ತರಾಗಿದ್ದ ಅಪ್ಪ ಬಂದು ನೋಡಿ, ಕೀವು ತುಂಬುವ ಮೊದಲು ಎರಡನ್ನೂ ಕೀಳಿಸಿಬಿಡೋಣ ಎಂದರು. ಸೋಮವಾರ ಬೀದರಿಗೆ ಹೋಗುವುದೆಂದು ನಿಶ್ಚಯವಾಯಿತು. ನಾನು ಊಟ ಬಿಟ್ಟು ಅತ್ತೆ. ಎಂದೋ ಬಿದ್ದುಹೋದ ರಬ್ಬರಿನ ನೆನಪು ನನಗೂ ಬರಲಿಲ್ಲ.

ಭಾನುವಾರ ಸಂಜೆ ಅವ್ವ ಡಬ್ಬಿಯೊಂದನ್ನು ಮರಳಿಸಲು ನರ್ಸಬಾಯಿಯವರ ಮನೆಗೆ ಕಳಿಸಿದಳು. ಊದಿದ ಮುಖ ನೋಡಿ ಅವರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಎಲ್ಲರೂ ಅಲುಗಾಡುವ ಹಲ್ಲನ್ನು ನೋಡಿದ್ದರು. ಅವರು ಇಲ್ಲದ ಸಂದನ್ನು ನೋಡಿದರು.

“ನಿನ್ನ ಖಿಡಕಿ ಎಲ್ಲಿ ಹೋಯ್ತು? ಏನ ಕಟ್ಟಿದ್ದಿ ಹೇಳು, ದಾರನೋ ರಬ್ಬರೋ?”

“ರಬ್ಬರ್ ರೀ. ಆದ್ರ ಅದು ಬಿದ್ದ ಹೋಗ್ಯಾದ್ರಿ.”

“ಬಿದ್ದಿಲ್ಲ. ಒಳಗೇ ಅದ.”

ಇನ್ನು ಬೈಗುಳ ಶುರುವಾಗುತ್ತದೆ ಎಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು. ನನ್ನೆದುರು ಕುಳಿತು ಬಾಯೊಳಗೆ ಬೆರಳಿಟ್ಟು ಏನೋ ಸಡಿಲಿಸಿ, ಅಂಗೈ ಚಾಚಿದರು. ಅದರಲ್ಲಿ ಎರಡು ಮುಂದಿನ ಹಲ್ಲುಗಳಿದ್ದವು, ನಾವೆಲ್ಲ ಬೆರಗಾಗಿ ನೋಡುತ್ತಿದ್ದ ಅದೇ ಹಲ್ಲುಗಳು. ಅವರ ಮುಖ ಒಮ್ಮೆಲೇ ಮುದುಕಿಯದಾಯಿತು.

“ನಂದೂ ಖಿಡಕಿ ಇತ್ತವ್ವಾ,” ಎಂದರು. ಗಾಳಿ ಹೋಗುವ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. “ನರ್ಸಿಂಗ್ ಕಲೀಲಿಕ್ಕ ಹಾಸ್ಟೆಲ್‌ದಾಗಿದ್ದೆ. ಹುಡುಗಿ ನೋಡ್ಲಿಕ್ಕ ಬರ್ತಾರಂದ್ರು, ರಬ್ಬರ್ ಹಾಕ್ಕೊಂಡೆ. ನನಗ ಯಾರೂ ಕೇಳ್ಲಿಲ್ಲ, ನಾ ಯಾರೀಗೂ ಹೇಳ್ಲಿಲ್ಲ.”

ಹಲ್ಲು ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದರು. ತಮ್ಮ ಕತೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಅಪ್ಪನಿಗೆ ತಿಳಿಸಿ ಹೇಳಿದರು. ಮರುದಿನ ರಜೆ ಹಾಕಿ ನಮ್ಮೊಂದಿಗೆ ಬೀದರಿನ ಬಸ್ಸು ಹತ್ತಿದರು. ಹಲ್ಲಿನ ಡಾಕ್ಟರರು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಬೇರಿನ ಸುತ್ತಲ ಎಲುಬು ಕರಗಿದ್ದು ಕಂಡಿತೇ ಹೊರತು ರಬ್ಬರ್ ಕಾಣಲಿಲ್ಲ. ರಬ್ಬರ್ ಎಕ್ಸ್‌ರೇಗೆ ಸಿಗುವುದಿಲ್ಲ ಎಂದು ಅವರೇ ಹೇಳಿ, ಒಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸಿ, ಬಿಡಿಸಿ ನೋಡಿದರು. ಹಲ್ಲಿನ ಬೇರಿನತ್ತ ಜಾರಿ ಬಿಗಿದುಕೊಂಡಿದ್ದ ಎರಡು ಕರಿ ಉಂಗುರಗಳು ಹೊರಬಂದವು. ಇನ್ನು ಸ್ವಲ್ಪ ತಡವಾಗಿದ್ದರೆ ಹಲ್ಲು ತಾವಾಗಿಯೇ ಉದುರುತ್ತಿದ್ದವಂತೆ. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ತಂತಿ ಬಿಗಿದರು. ಅಷ್ಟೂ ಹೊತ್ತು ನನ್ನ ಕೈ ನರ್ಸಬಾಯಿಯವರ ಕೈಯಲ್ಲಿತ್ತು.

ಹಲ್ಲು ನಿಧಾನವಾಗಿ ಗಟ್ಟಿಯಾದವು. ಸಂದೂ ಮರಳಿ ಬಂತು. ಬಂದದ್ದನ್ನು ನೋಡಿ ನರ್ಸಬಾಯಿ ನಕ್ಕರು… ಆ ನಗು ನನಗೆಂದೇ ನಕ್ಕಂತಿತ್ತು.

ಕಳೆದ ವಾರ ಅವರು ತೀರಿಕೊಂಡರು. ಬೀದರಿನ ಆಸ್ಪತ್ರೆಯಿಂದ ಭಾಲ್ಕಿಗೆ ತಂದಾಗ ನಾನೂ ಹೋಗಿದ್ದೆ. ಬಿಳಿ ಸೀರೆಯನ್ನೇ ಉಡಿಸಿದ್ದರು. ಮೇಲ್ದುಟಿ ಮಾತ್ರ ಒಳಗೆ ಕುಸಿದು, ನಾನು ಅಂದು ಕಂಡ ಮುಖವೇ ಆಗಿತ್ತು. ಓಣಿಯ ಮಂದಿ, ಚರ್ಚಿನ ಮಂದಿ ಬರುವ ಹೊತ್ತು. ಅವರ ಮಗಳ ಕಿವಿಯಲ್ಲಿ ಕೇಳಿದೆ, ಹಲ್ಲು ಎಲ್ಲಿವೆ ಎಂದು. ಆಕೆ ಬೆಚ್ಚಿ ನನ್ನನ್ನು ನೋಡಿದಳು.

“ನಿಮಗ ಹ್ಯಾಂಗ ಗೊತ್ತು? ಮನಿಯವರನ್ನ ಬಿಟ್ರ ಯಾರೀಗೂ ಗೊತ್ತಿಲ್ಲ.”

“ಒಮ್ಮೆ ನನಗ ತೋರ್ಸಿದ್ರು,” ಎಂದೆ.

ಆಸ್ಪತ್ರೆಯವರು ಕೊಟ್ಟ ಪೊಟ್ಟಣವನ್ನು ತಂದಳು. ಕನ್ನಡಕ, ಕೈಗಡಿಯಾರದ ಜೊತೆ ಹಲ್ಲೂ ಇತ್ತು. ಪೊಟ್ಟಣಕ್ಕೆ ಸುತ್ತಿದ್ದ ರಬ್ಬರ್ ಬಿಚ್ಚಿ ಹಲ್ಲು ತೆಗೆದುಕೊಟ್ಟೆ, ಆಕೆ ತಾಯಿಯ ಬಾಯೊಳಗೆ ಮೆಲ್ಲಗೆ ಇಟ್ಟಳು. ಬಂದವರೆಲ್ಲ ತಾವು ಬಲ್ಲ ನರ್ಸಬಾಯಿಯನ್ನೇ ನೋಡಿ ಕಣ್ಣೊರೆಸಿಕೊಂಡರು. ಅವರು ನನಗೆ ಮಾಡಿದ ಉಪಕಾರಕ್ಕೆ ನನ್ನಿಂದಾದದ್ದು ಅಷ್ಟೇ.

ಈಗ ಮಗಳು ಮೇಜಿನ ಬಳಿ ನಿಂತು, ಇದೊಂದನ್ನೇಕೆ ಕತ್ತರಿಸಿಲ್ಲ ಎಂದು ಕೇಳುತ್ತಿದ್ದಾಳೆ. ಅವಳಿಗೂ ನನ್ನದೇ ಖಿಡಕಿ. ಇತ್ತೀಚೆಗೆ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಪಕ್ಕದ ಮನೆಯಲ್ಲಿ ನರ್ಸಬಾಯಿ ಇಲ್ಲ, ಇನ್ನು ಎಲ್ಲಿಯೂ ಇಲ್ಲ. ಬಾಗಿಲು ಹಾಕಿ ಬಂದು ಕೂಡು ಎಂದೆ.